ಪ್ರಬಂಧದಲ್ಲಿ ಎದುರು ವಾದಕ್ಕೆ ಉತ್ತರ ಬರೆಯೋದು ಹೇಗೆ?

ಪ್ರಶ್ನೆ: ಮಗಳು ಹತ್ತನೇ ತರಗತಿ. ‘ಪ್ರಾಥಮಿಕ ಶಿಕ್ಷಣ ಕನ್ನಡದಲ್ಲೇ ಇರಲಿ’ ಅಂತ ಪ್ರಬಂಧ ಬರೆದಿದ್ದಾಳೆ. ಎದುರು ವಾದಕ್ಕೆ ‘ಅದು ತಪ್ಪು’ ಅಂತ ಒಂದೇ ಸಾಲು! ಹೇಗೆ ತಿದ್ದಿಸಲಿ?

ಉತ್ತರ 1: ಅಕ್ಕಾ, ನಾನು ಕನ್ನಡ ಮೇಷ್ಟ್ರು. ಎದುರಿನವರ ಮಾತನ್ನು ಅವರೇ ಒಪ್ಪುವ ಹಾಗೆ ಮೊದಲು ಬರೆಯಲಿ: ‘ಇಂಗ್ಲಿಷ್ ಬರದಿದ್ದರೆ ಕೆಲಸ ಸಿಗಲ್ಲ ಅನ್ನುವ ಅಪ್ಪ-ಅಮ್ಮಂದಿರ ಭಯ ಸುಳ್ಳಲ್ಲ.’ ಆಮೇಲೆ ‘ಆದರೆ’ ಬರಲಿ. ಇಂಗ್ಲಿಷ್ ಕಲಿಯೋದು ಬೇರೆ, ಇಂಗ್ಲಿಷಿನಲ್ಲಿ ಗಣಿತ ಕಲಿಯೋದು ಬೇರೆ, ಅಲ್ವಾ?

ಉತ್ತರ 2: 2014ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಚ್ಚಿಡಬೇಡಿ. ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಅಂದಿದೆ. ‘ಕಡ್ಡಾಯ ಮಾಡಿ’ ಅನ್ನುವ ಬದಲು ‘ಪೋಷಕರೇ ಆರಿಸುವಷ್ಟು ಚೆನ್ನಾಗಿ ಕನ್ನಡ ಶಾಲೆ ನಡೆಸಿ’ ಅಂದರೆ ವಾದ ಗಟ್ಟಿಯಾಗುತ್ತೆ.

ಪ್ರಶ್ನೆ ಕೇಳಿದವರು: ಮೇಷ್ಟ್ರೇ, ಕೊನೆ ಪ್ಯಾರಾ?

ಉತ್ತರ 1: ಹೊಸ ವಾದ ಬೇಡ. ಸುಮ್ನೆ ಒಂದು ಬೇಡಿಕೆ ಇಡಲಿ: ‘ನಮ್ಮೂರ ಶಾಲೆಗೆ ಈ ವರ್ಷ ಇನ್ನೊಬ್ಬ ಮೇಷ್ಟ್ರನ್ನು ಕೊಡಿ.’