ಮೂಳೆ ‘ಸವೆತ’ ಎನ್ನದೆ ಏನೆನ್ನಬೇಕು?

ಶಿರಸಿಯ ನಮ್ಮ ಭಾವನಿಗೆ ಹೃದಯ ಕಸಿಯಾಗಿ ಏಳು ತಿಂಗಳಾಯಿತು. ‘ಕಸಿ’ ಎಂಬ ಪದ ಮನೆಯಲ್ಲಿ ಯಾರಿಗೂ ತೊಡಕಾಗಲಿಲ್ಲ. ಮಾವಿಗೆ, ಕಾಳುಮೆಣಸಿನ ಬಳ್ಳಿಗೆ ಕಸಿ ಕಟ್ಟುವ ಊರು ನಮ್ಮದು. ತೊಡಕಾದದ್ದು ‘ಮೂಳೆ ಸವೆತ’. ಭಾವನ ಮಾತ್ರೆಯ ಬಗ್ಗೆ ಮನೆಗೊಂದು ಹಾಳೆ ಬರೆಯಬೇಕು, ಅದಕ್ಕೆ ತಕ್ಕ ಪದಗಳನ್ನು ಹುಡುಕುತ್ತಿದ್ದೇನೆ.

ಔಷಧದ ಚೀಟಿಯಲ್ಲಿ ‘ಮೂಳೆ ಸವೆತಕ್ಕೆ, ವಾರಕ್ಕೊಂದು’ ಎಂದಿತ್ತು. ಅಲೆಂಡ್ರೋನೇಟ್ ಎಂಬ ಮಾತ್ರೆ, 70 ಮಿಲಿಗ್ರಾಂ. ತಿಂಗಳ ನಂತರ ಅಕ್ಕನಿಗೆ ನಾಗಂದಿಗೆಯ ಮೇಲೆ ನಾಲ್ಕೂ ಮಾತ್ರೆ ಹಾಗೆಯೇ ಇದ್ದ ಪಟ್ಟಿ ಸಿಕ್ಕಿತು. ಕೇಳಿದರೆ ಭಾವ, “ನನಗೆ ಮೊಣಕಾಲು ನೋವೇ ಇಲ್ಲವಲ್ಲ” ಎಂದರು.

ಅವರ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಸವೆಯುವುದು ಎಂದರೆ ಉಜ್ಜಿ ಉಜ್ಜಿ ಹೋಗುವುದು: ಚಪ್ಪಲಿಯ ಹಿಮ್ಮಡಿ, ಕತ್ತಿಯ ಬಾಯಿ, ಹೊಸ್ತಿಲು. ಮೊಣಕಾಲಿನ ಸಂದಿಗೆ ಆ ಮಾತು ಒಪ್ಪುತ್ತದೆ. ಭಾವನಿಗೆ ಆಗುತ್ತಿರುವುದು ಬೇರೆ. ಹೊಸ ಹೃದಯವನ್ನು ಮೈ ತಿರಸ್ಕರಿಸದಿರಲೆಂದು ಕೊಡುವ ಪ್ರೆಡ್ನಿಸೊಲೋನ್, ಟ್ಯಾಕ್ರೊಲಿಮಸ್‌ಗಳು ಮೂಳೆಯ ಸಾಂದ್ರತೆಯನ್ನು ಇಳಿಸುತ್ತವೆ. ಮೊದಲ 6ರಿಂದ 12 ತಿಂಗಳಲ್ಲಿ ಈ ಇಳಿತ ಅತಿ ವೇಗ. ಹೊರಗಿನ ಆಕಾರ ಹಾಗೆಯೇ ಇರುತ್ತದೆ, ನೋವೂ ಇರುವುದಿಲ್ಲ. ಎಷ್ಟೋ ಜನರಿಗೆ ತಿಳಿಯುವುದು ಬೆನ್ನಿನ ಮಣಿಯೊಂದು ಕುಸಿದ ಮೇಲೆಯೇ.

ಇಂಗ್ಲಿಷಿನಲ್ಲಿ ಇದು ಆಸ್ಟಿಯೊಪೊರೋಸಿಸ್. ಪುಸ್ತಕದಲ್ಲಿ ‘ಅಸ್ಥಿರಂಧ್ರತೆ’ ಇದೆ. ಅರ್ಥ ಸರಿ. ಆದರೆ ನಮ್ಮ ಕಡೆ ಅಸ್ಥಿ ಎಂದೊಡನೆ ಕಣ್ಣೆದುರು ಬರುವುದು ಮಡಕೆ, ಗೋಕರ್ಣದ ಸಮುದ್ರ. ಈಗಷ್ಟೇ ಬದುಕಿ ಬಂದವರ ಮುಂದೆ ಆ ಪದವಾಡಲು ನನ್ನಿಂದ ಸಾಧ್ಯವಿಲ್ಲ. ‘ಟೊಳ್ಳು’ ಎಂದರೆ ಒಳಗೆ ಏನೂ ಉಳಿದಿಲ್ಲ ಎಂದಾಗುತ್ತದೆ.

ಕೊನೆಗೆ ಅಕ್ಕ, “ನಮ್ಮ ಹಳೇ ಮನೆಯ ಮಾಡಿನ ಪಕಾಸಿ ಲಡ್ಡಾಗಿತ್ತಲ್ಲ, ಹಾಗೆ” ಎಂದಳು. ಪಕಾಸಿ ಎಂದರೆ ಹೆಂಚಿನಡಿಯ ಮರದ ಪಟ್ಟಿ, ಲಡ್ಡಾಗುವುದು ಎಂದರೆ ಒಳಗೊಳಗೇ ಕೊಳೆಯುವುದು. ಹೊರಗೆ ಗಟ್ಟಿ ಬಣ್ಣ, ಬೆರಳು ಒತ್ತಿದರೆ ಪುಡಿ. ಭಾವ ತಟ್ಟನೆ ಹಿಡಿದುಕೊಂಡರು. ವೈದ್ಯರನ್ನು ಕೇಳಿ ಮಾತ್ರೆ ಶುರು ಮಾಡಿದರು. ಆದರೆ ಲಡ್ಡಾದ ಪಕಾಸಿಯನ್ನು ಕಿತ್ತು ಬೇರೆ ಹಾಕುತ್ತೇವೆ, ಮೂಳೆಯನ್ನು ಉಳಿಸಿಕೊಳ್ಳಬಹುದು. ಇದೊಂದೇ ನನ್ನ ಅಳುಕು. ಕಾರವಾರ, ಅಂಕೋಲಾ, ಕುಮಟೆಯ ಕಡೆ ‘ಎಲುಬು’ ಸೇರಿಸಿ ಇದಕ್ಕೆ ಬೇರೆ ಮಾತು ಇದೆಯೇ?

ಮಾತ್ರೆಯ ಹೆಸರೂ ಕಾಡುತ್ತಿದೆ. ‘ಮೂಳೆ ಗಟ್ಟಿಯಾಗಲು’ ಎಂದು ಬರೆದರೆ ಜನ ಅದನ್ನು ಟಾನಿಕ್ ಎಂದುಕೊಳ್ಳುತ್ತಾರೆ. ಟಾನಿಕ್ ಒಂದು ವಾರ ತಪ್ಪಿದರೆ ಏನಾಯಿತು ಎನ್ನುತ್ತಾರೆ. ನಮ್ಮ ಮೂಳೆಯನ್ನು ಕೆಲವು ಕೋಶಗಳು ದಿನವೂ ಕೆಡವುತ್ತಿರುತ್ತವೆ, ಕೆಲವು ಕಟ್ಟುತ್ತಿರುತ್ತವೆ. ಅಲೆಂಡ್ರೋನೇಟ್ ಕೆಡವುವವುಗಳ ಕೈ ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಕಟ್ಟುವ ಸಾಮಾನು. ಆದ್ದರಿಂದ ‘ಮೂಳೆ ಕಾಯುವ ಮಾತ್ರೆ’ ಎಂದು ಬರೆಯೋಣವೆಂದಿದ್ದೇನೆ. ಸರಿಯೇ?

ಇನ್ನು ಈ ಮಾತ್ರೆ ನುಂಗಬೇಕಾದ ‘ಖಾಲಿ ಹೊಟ್ಟೆ’. ತೆಳ್ಳೇವು (ತೆಳು ದೋಸೆ) ತಿನ್ನುವ ಮುಂಚೆ ನುಂಗಿದೆನಲ್ಲ ಎಂದರು ಭಾವ. ಅದಕ್ಕೂ ಮುಂಚೆ ಹಾಲು ಹಾಕಿದ ಕಷಾಯ ಒಂದು ಲೋಟ ಆಗಿತ್ತು! ಹಾಲಿನ ಜೊತೆ ಈ ಮಾತ್ರೆ ಮೈಗೆ ಹತ್ತುವುದೇ ಇಲ್ಲ. ಎದ್ದೊಡನೆ ಬರೀ ನೀರಿನಲ್ಲಿ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು, ಕುಡಿಯಬಾರದು. ನಮ್ಮ ಮನೆಗಳಲ್ಲಿ ಕಷಾಯ ಹೊಟ್ಟೆಯ ಲೆಕ್ಕಕ್ಕೆ ಸೇರುವುದಿಲ್ಲ. ಅದನ್ನೂ ಒಳಗೊಳ್ಳುವ ಒಂದು ಪದವಿದ್ದರೆ ತಿಳಿಸಿ. ಭಾನುವಾರದ ಮಾತ್ರೆಗೆ ಮುಂಚೆ ಹಾಳೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಬೇಕು.