ಮಗು ‘ಮೋರ್ ಬಿಗ್ಗರ್’ ಅಂದರೆ ಮನೆಯಲ್ಲಿ ಕನ್ನಡ ನಿಲ್ಲಿಸಬೇಕೆ?

ದಯವಿಟ್ಟು ನಿಲ್ಲಿಸಬೇಡಿ. ‘ಗುಡರ್’, ‘ಬ್ಯಾಡರ್’ ಅಂತ ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳೂ ಹೇಳುತ್ತಾರೆ. ನಿಯಮ ಹಿಡಿದಿದೆ, ಅಪವಾದ ಇನ್ನೂ ಬಂದಿಲ್ಲ, ಅಷ್ಟೆ. ಕನ್ನಡದಿಂದ ಬರುವ ತಪ್ಪುಗಳು ಬೇರೆ. ಅವನ್ನು ಕನ್ನಡದಲ್ಲೇ ವಿವರಿಸಿದರೆ ಮಗುವಿಗೆ ಬೇಗ ಹೊಳೆಯುತ್ತದೆ.

ನಮ್ಮಲ್ಲಿ ಹೋಲಿಕೆಯ ಕೆಲಸವನ್ನೆಲ್ಲ ‘ಗಿಂತ’ ಮಾಡುತ್ತದೆ. ‘ಅಣ್ಣ ನನಗಿಂತ ಎತ್ತರ’ ಅಂದಾಗ ‘ಎತ್ತರ’ ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಇದ್ದರೆ ಸಾಲದು, ‘ಟಾಲ್’ ಕೂಡ ‘ಟಾಲರ್’ ಆಗಬೇಕು. ಮಗು ಮೊದಲನೆಯದನ್ನು ಮಾತ್ರ ಹಾಕಿ ‘ಟಾಲ್ ದ್ಯಾನ್ ಮಿ’ ಅನ್ನುತ್ತದೆ. ‘ಎಲ್ಲರಿಗಿಂತ ಎತ್ತರ’ ಅನ್ನುವುದು ‘ಟಾಲೆಸ್ಟ್ ದ್ಯಾನ್ ಆಲ್’ ಆಗುವುದೂ ಇದೇ ಕಾರಣಕ್ಕೆ. ‘ಟಾಲೆಸ್ಟ್’ ಬಂದಲ್ಲಿ ‘ದ್ಯಾನ್’ ಬರುವುದಿಲ್ಲ. ಅದರ ಮುಂಚೆ ‘ದಿ’ ಇರಲಿ. ಆಮೇಲೆ ಜಾಗ ಅಥವಾ ತರಗತಿಯಾದರೆ ‘ಇನ್ ದಿ ಕ್ಲಾಸ್’, ಎಣಿಸಿ ಹೇಳುವುದಾದರೆ ‘ಆಫ್ ದಿ ತ್ರೀ’.

ದೊಡ್ಡವರೇ ಎಡವುವುದು ‘ತುಂಬಾ’ದಲ್ಲಿ. ‘ತುಂಬಾ ದೊಡ್ಡದು’, ‘ಇದಕ್ಕಿಂತ ತುಂಬಾ ದೊಡ್ಡದು’, ಎರಡಕ್ಕೂ ನಮಗೆ ಒಂದೇ ಮಾತು ಸಾಕು. ಇಂಗ್ಲಿಷಿನಲ್ಲಿ ‘ವೆರಿ ಬಿಗ್’ ಸರಿ, ‘ವೆರಿ ಬಿಗ್ಗರ್’ ತಪ್ಪು. ‘ಮಚ್ ಬಿಗ್ಗರ್’ ಅನ್ನಬೇಕು. ‘ಇನ್ನೂ ದೊಡ್ಡದು ಕೊಡು’ ಅನ್ನಲು ‘ಸ್ಟಿಲ್ ಬಿಗ್’ ಅಂದರೆ ಕೇಳಿದವರಿಗೆ ಅರ್ಥವೇ ಬೇರೆಯಾಗುತ್ತದೆ. ‘ಎ ಬಿಗ್ಗರ್ ಒನ್’ ಅಂತ ಕಲಿಸಿ.

‘ಮೋರ್’ ಯಾವಾಗ ಅನ್ನುವುದಕ್ಕೆ ಪದವನ್ನು ಬಿಡಿಸಿ ಹೇಳಿಸುತ್ತಾ ಒಂದೊಂದು ತುಂಡಿಗೆ ಒಂದೊಂದು ಚಪ್ಪಾಳೆ ತಟ್ಟಿಸಿ: ‘ಹ್ಯಾ-ಪಿ’ಗೆ ಎರಡು. ಪದಕ್ಕೆ ಒಂದೇ ಚಪ್ಪಾಳೆಯಾದರೆ ‘ಅರ್’: ಸ್ಮಾಲರ್, ಲಾಂಗರ್. ಎರಡು ಚಪ್ಪಾಳೆಯಾಗಿ ಕೊನೆಗೆ ‘ವೈ’ ಅಕ್ಷರವಿದ್ದರೂ ‘ಅರ್’: ಹ್ಯಾಪಿಯರ್. ಬರೆಯುವಾಗ ಆ ‘ವೈ’ ಹೋಗಿ ‘ಐ’ ಬರುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ ‘ಮೋರ್’: ಮೋರ್ ಬ್ಯೂಟಿಫುಲ್. ‘ಕೇರ್‌ಫುಲ್’, ‘ಬೋರಿಂಗ್’ ತರಹದ ಎರಡು ಚಪ್ಪಾಳೆಯವಕ್ಕೂ ‘ಮೋರ್’. ‘ಫನ್’, ‘ಬೋರ್ಡ್’ (ಬೇಸರವಾದ) ಒಂದೇ ಚಪ್ಪಾಳೆಯಾದರೂ ‘ಮೋರ್ ಫನ್’, ‘ಮೋರ್ ಬೋರ್ಡ್’. ‘ಮೋರ್’ ಮತ್ತು ‘ಅರ್’ ಒಟ್ಟಿಗೆ ಯಾವತ್ತೂ ಬೇಡ. ‘ಬಿಗ್’, ‘ಹಾಟ್’ ಬರೆಯುವಾಗ ಕೊನೆಯ ಅಕ್ಷರ ಎರಡಾಗುತ್ತದೆ. ‘ಸ್ಲೋ’ದಲ್ಲಿ ಕೊನೆಯ ‘ಡಬ್ಲ್ಯೂ’ ಎರಡಾಗುವುದಿಲ್ಲ. ಗುಡ್, ಬೆಟರ್, ಬೆಸ್ಟ್ ಮತ್ತು ಬ್ಯಾಡ್, ವರ್ಸ್, ವರ್ಸ್ಟ್ ಬಾಯಿಪಾಠವೇ ಸೈ.

———

ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ. ‘ಎಲ್ಡರ್ ದ್ಯಾನ್ ಮಿ’ ನಮ್ಮ ಮನೆಗಳಲ್ಲಿ ತುಂಬಾ ಕೇಳಿಸುತ್ತದೆ. ‘ಎಲ್ಡರ್ ಸಿಸ್ಟರ್’ ಸರಿ, ಆದರೆ ‘ದ್ಯಾನ್’ ಜೊತೆಗೆ ‘ಓಲ್ಡರ್’ ಬೇಕು. ‘ಸೀನಿಯರ್’, ‘ಜೂನಿಯರ್’ ಆದಮೇಲೆ ‘ದ್ಯಾನ್’ ಅಲ್ಲ, ‘ಟು’. ‘ಒನ್ ಆಫ್ ದಿ ಟಾಲೆಸ್ಟ್’ ಆದಮೇಲೆ ‘ಬಾಯ್’ ಅಲ್ಲ, ‘ಬಾಯ್ಸ್’.

ತಿದ್ದುವ ರೀತಿಯೂ ಮುಖ್ಯ. ಮಗು ‘ದಿಸ್ ಈಸ್ ಮೋರ್ ಬಿಗ್ಗರ್’ ಅಂದರೆ ಮಾತು ತಡೆದು ‘ತಪ್ಪು’ ಅನ್ನಬೇಡಿ. ‘ಯೆಸ್, ಇಟ್ಸ್ ಮಚ್ ಬಿಗ್ಗರ್’ ಅಂತ ಸರಿಯಾದ ರೂಪವನ್ನೇ ಉತ್ತರದಲ್ಲಿ ಹೇಳಿ ಮುಂದೆ ಹೋಗಿ. ಅಭ್ಯಾಸಕ್ಕೆ ಉದ್ದ ಬೇರೆಬೇರೆ ಇರುವ 3 ಪೆನ್ಸಿಲ್ ಸಾಕು. ಮೊದಲು 2 ಇಟ್ಟು ‘ಲಾಂಗರ್’ ಹೇಳಿಸಿ, ಮೂರನೆಯದನ್ನು ಇಟ್ಟ ಮೇಲೆ ‘ದಿ ಲಾಂಗೆಸ್ಟ್’. ಪ್ರತಿ ಸಲವೂ ಮೊದಲು ‘ಇದಕ್ಕಿಂತ ಅದು ಉದ್ದ’ ಅಂತ ಕನ್ನಡದಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ.