ಶಿವಮೊಗ್ಗದಲ್ಲಿ ಕನ್ನಡದ ಸ್ಟ್ಯಾಂಡ್‌ಅಪ್, ಇಂಪ್ರೊವ್ ನಡೆದರೆ ನೋಡುವವರು ಇದ್ದಾರೆಯೇ?

ತುಂಗಾತೀರ:

ನಮಸ್ಕಾರ. ಕೆಲಸದ ನಿಮಿತ್ತ ಶಿವಮೊಗ್ಗದಿಂದ ಆಗಾಗ ಬೆಂಗಳೂರಿಗೆ ಹೋಗಿಬರುವವನು ನಾನು. ಹೋದ ಕೆಲಸ ಮುಗಿದ ಮೇಲೆ, ರಾತ್ರಿಯ ರೈಲಿಗೆ ಮುನ್ನ ಸಿಗುವ ಹೊತ್ತಿನಲ್ಲಿ ಯಾವುದಾದರೂ ಸ್ಟ್ಯಾಂಡ್‌ಅಪ್ ಅಥವಾ ಇಂಪ್ರೊವ್ (ಆಶುನಟನೆ) ಪ್ರದರ್ಶನ ನೋಡಿಕೊಂಡು ಬರುವುದು ಈಗ ಚಟವೇ ಆಗಿದೆ. ಹೆಸರುವಾಸಿಗಳ ದೊಡ್ಡ ಪ್ರದರ್ಶನಗಳಿಗಿಂತ ನನಗೆ ಓಪನ್ ಮೈಕ್‌ಗಳೇ ಹೆಚ್ಚು ಇಷ್ಟ. ಅಲ್ಲಿ ಒಬ್ಬೊಬ್ಬರಿಗೆ ಸಿಗುವುದು ನಾಲ್ಕೈದು ನಿಮಿಷ; ಸಮಯ ಮುಗಿಯುತ್ತ ಬಂದಾಗ ಹಿಂದಿನ ಸಾಲಿನಿಂದ ಯಾರೋ ಮೊಬೈಲಿನ ಬೆಳಕು ತೋರಿಸುತ್ತಾರೆ; ಅದನ್ನು ಕಂಡ ಮೇಲೂ ಮಾತು ನಿಲ್ಲಿಸದವನನ್ನು ಮತ್ತೆ ಕರೆಯುವುದು ಅನುಮಾನ.

ಒಂದೇ ಹಾಸ್ಯವನ್ನು ಬೇರೆ ಬೇರೆ ರಾತ್ರಿ ಕೇಳಿದವನಿಗೆ ಈ ಕಲೆಯ ಕಷ್ಟ ಅರ್ಥವಾಗುತ್ತದೆ. ನಮ್ಮ ಕಡೆಯವನೇ ಆದ ಒಬ್ಬ ಹುಡುಗ, ಅಡಿಕೆ ತೋಟದ ಮನೆಗಳಿಗೆ ಹೆಣ್ಣು ಸಿಗದ ಸಂಗತಿಯನ್ನು ಹೇಳುತ್ತಿದ್ದ. ಮೊದಲ ಸಲ ಕೇಳಿದಾಗ, ಕೊನೆಗಾರ ಎಂದರೆ ಯಾರು, ಅವನಿಗೆ ಯಾಕಿಷ್ಟು ಬೇಡಿಕೆ ಎಂದು ಬೆಂಗಳೂರಿನವರಿಗೆ ವಿವರಿಸುವಷ್ಟರಲ್ಲಿ ನಗು ಆರಿಹೋಯಿತು. ಕೆಲವು ತಿಂಗಳ ನಂತರ ವಿವರಣೆಯೆಲ್ಲ ಮಾಯವಾಗಿತ್ತು. ‘ಮಗಳನ್ನು ಕೊಡುವ ಯೋಚನೆಯಿಲ್ಲ, ಆದರೆ ನಿಮ್ಮ ಕೊನೆಗಾರನನ್ನು ಎರಡು ದಿನ ಕಳಿಸಿಕೊಡಿ’ ಎಂಬ ಹೆಣ್ಣಿನ ತಂದೆಯ ಮಾತು ಕಟ್ಟಕಡೆಗೆ ಬಂದಿತ್ತು. ಅಡಿಕೆ ಮರ ಹತ್ತುವವರನ್ನು ಕಂಡಿರದವರೂ ನಕ್ಕರು.

ಇಂಪ್ರೊವ್‌ನ ಸೊಗಸು ಬೇರೆಯದು. ಪ್ರೇಕ್ಷಕರು ಒಂದು ಜಾಗವನ್ನೋ ಸಂಬಂಧವನ್ನೋ ಕೂಗಿ ಹೇಳಿದ ಕ್ಷಣದಿಂದ ದೃಶ್ಯ ಹುಟ್ಟಬೇಕು. ಜೊತೆಗಾರ ಹೇಳಿದ್ದನ್ನು ಒಪ್ಪಿಕೊಂಡು ಅದಕ್ಕೆ ತನ್ನದೊಂದನ್ನು ಸೇರಿಸಬೇಕೆಂಬುದೇ ಅಲ್ಲಿಯ ಮುಖ್ಯ ನಿಯಮ. ವಯೋಲಾ ಸ್ಪೋಲಿನ್ ರೂಪಿಸಿದ ರಂಗಾಟಗಳಿಂದ ಬೆಳೆದ ಈ ಪದ್ಧತಿ, ಆಕೆಯ ಮಗ ಪಾಲ್ ಸಿಲ್ಸ್ ಮತ್ತು ಜೊತೆಗಾರರು 1959ರಲ್ಲಿ ಷಿಕಾಗೊದಲ್ಲಿ ಆರಂಭಿಸಿದ ಸೆಕೆಂಡ್ ಸಿಟಿಯ ಮೂಲಕ ಹೆಸರಾಯಿತು. ಕೆನಡಾದ ಕ್ಯಾಲ್ಗರಿಯಲ್ಲಿ ಕೀತ್ ಜಾನ್‌ಸ್ಟನ್ ತಮ್ಮದೇ ದಾರಿಯಲ್ಲಿ ಆಶುನಟನೆಯನ್ನು ಎರಡು ತಂಡಗಳ ಪಂದ್ಯವಾಗಿಸಿದರು. ಬೆಂಗಳೂರಿನ ದಾನಿಶ್ ಸೇಠ್, ಸುಮುಖಿ ಸುರೇಶ್ ಅವರೂ ‘ದಿ ಇಂಪ್ರೊವ್’ ಎಂಬ ತಂಡದಲ್ಲಿ ಪಳಗಿದವರು. ದಾನಿಶ್ ಅವರ ಫೋನ್ ಕೀಟಲೆಗಳನ್ನು ಕೇಳಿದವರಿಗೆ, ಎದುರಿನವನು ಏನೇ ಅಂದರೂ ಅದನ್ನೇ ಹಿಡಿದು ಮುಂದೆ ಹೋಗುವ ಆ ಅಭ್ಯಾಸ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ.

ಲೋಲ್‌ಬಾಗ್‌ನಂಥ ತಂಡಗಳಿಂದಾಗಿ ಕನ್ನಡದಲ್ಲಿ ಸ್ಟ್ಯಾಂಡ್‌ಅಪ್ ಈಗ ಹೊಸತೇನಲ್ಲ. ಆದರೆ ನಾನು ನೋಡಿದ ಇಂಪ್ರೊವ್ ಎಲ್ಲವೂ ಇಂಗ್ಲಿಷಿನಲ್ಲಿ, ನಡುನಡುವೆ ಕನ್ನಡ ಒಗ್ಗರಣೆಯೊಂದಿಗೆ ನಡೆದವು. ನಾವು ನಾಲ್ಕೈದು ಜನ ಸೇರಿ ಶಿವಮೊಗ್ಗದಲ್ಲಿಯೇ ಪೂರ್ತಿ ಕನ್ನಡದ ಒಂದು ಸಂಜೆಯನ್ನು ನಡೆಸಬೇಕೆಂದಿದ್ದೇವೆ. ‘ನಮ್ಮ ಜನಕ್ಕೆ ಹಾಸ್ಯೋತ್ಸವ ಸಾಕು, ಸಿದ್ಧತೆಯಿಲ್ಲದ ಮಾತಿಗೆ ದುಡ್ಡು ಕೊಡುವವರು ಯಾರು’ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ನೀವೇನನ್ನುತ್ತೀರಿ?

ಸಾಗರದ ಶ್ರೋತೃ:

ತುಂಗಾತೀರ ಅವರೆ, ಸಿದ್ಧತೆಯಿಲ್ಲದ ಮಾತನ್ನು ಇಡೀ ರಾತ್ರಿ ಕೂತು ಕೇಳುವ ಜನ ನಮ್ಮಲ್ಲಿ ತಲೆಮಾರುಗಳಿಂದ ಇದ್ದಾರೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ನಮ್ಮ ಕಡೆ ನಡೆಯುವ ತಾಳಮದ್ದಳೆಯನ್ನು ನೀವು ಹೇಗೆ ಮರೆತಿರೋ ತಿಳಿಯದು. ಭಾಗವತರು ಹಾಡುವ ಪದ್ಯ ಮಾತ್ರ ಮೊದಲೇ ಬರೆದಿಟ್ಟದ್ದು. ಅದಕ್ಕೆ ಅರ್ಥ ಹೇಳುವವರು ಆಡುವ ಒಂದೊಂದು ಮಾತೂ ಆ ಹೊತ್ತಿನದು. ವೇಷವಿಲ್ಲ, ಕುಣಿತವಿಲ್ಲ, ಎದ್ದು ನಿಲ್ಲುವುದೂ ಇಲ್ಲ. ವಾಲಿಮೋಕ್ಷದಲ್ಲಿ ವಾಲಿ ಸಾಯುತ್ತಾನೆಂಬುದು ಎದುರಿಗೆ ಕುಳಿತ ಮಗುವಿಗೂ ಗೊತ್ತು. ಆದರೂ ಬಾಣ ತಾಗಿ ಬಿದ್ದವನು ರಾಮನಿಗೆ ಇವತ್ತು ಯಾವ ಪ್ರಶ್ನೆ ಹಾಕುತ್ತಾನೆ, ರಾಮನ ಪಾತ್ರಧಾರಿ ಅದರಿಂದ ಹೇಗೆ ಪಾರಾಗುತ್ತಾನೆ ಎಂಬ ಕುತೂಹಲಕ್ಕಾಗಿಯೇ ಜನ ಬರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿದ ಹಿರಿಯರು, ಕಥೆಯನ್ನು ಬಿಟ್ಟು ಆ ದಿನದ ಒಂದು ಉತ್ತರವನ್ನು ಮಾತ್ರ ಇಂದಿಗೂ ನೆನೆಸಿಕೊಳ್ಳುವುದುಂಟು.

ಅಲ್ಲಿ ನಡೆಯುವುದು ವಾದ, ಇಂಪ್ರೊವ್‌ನಲ್ಲಿ ನಡೆಯುವುದು ಒಪ್ಪಿಗೆ, ಎರಡಕ್ಕೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಬಹುದು. ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ‘ಅದು ಹಾಗಿಲ್ಲವೇ ಇಲ್ಲ’ ಎಂದು ತಳ್ಳಿಹಾಕುವುದಿಲ್ಲ. ‘ಹೌದು, ಹಾಗೆಯೇ ಆಯಿತೆನ್ನು, ಆದರೆ ಅದರಿಂದ ಸಿದ್ಧವಾಗುವುದೇನು’ ಎಂದು ಅದನ್ನೇ ತಿರುಗಿಸುತ್ತಾನೆ. ಎದುರಿನವನಿಗೆ ಮಾತನಾಡಲು ಎಡೆಯನ್ನೇ ಬಿಡದೆ ತಾನೊಬ್ಬನೇ ಮುಕ್ಕಾಲು ಗಂಟೆ ಹೊಡೆಯುವವನಿಗೆ ಪಾಂಡಿತ್ಯ ಎಷ್ಟಿದ್ದರೂ ಶ್ರೋತೃಗಳು ಒಳಗೊಳಗೇ ಅಂಕ ಕಳೆಯುತ್ತಾರೆ. ಹಾಗೆ ಅಂಕ ಕಳೆಯಬಲ್ಲ ಕಿವಿಗಳಿರುವ ಊರಿನಲ್ಲಿ ನಿಮಗೆ ಪ್ರೇಕ್ಷಕರ ಕೊರತೆಯಾಗದು. ಭಯಪಡಬೇಕಾದದ್ದು ಆ ಕಿವಿಗಳಿಗೆ.

ನಟರು ಬೇಕಿದ್ದರೆ ಹೆಗ್ಗೋಡಿನ ಕಡೆ ವಿಚಾರಿಸಿ. ನೀನಾಸಮ್ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ, ತಿರುಗಾಟ ಹೊರಟದ್ದು 1985ರಲ್ಲಿ. ಅಲ್ಲಿ ಕಲಿತು ಊರಿಗೆ ಮರಳಿ, ಶಾಲೆಯಲ್ಲಿಯೋ ತೋಟದಲ್ಲಿಯೋ ಇರುವವರು ನಮ್ಮ ಜಿಲ್ಲೆಯಲ್ಲಿ ಸಿಗುತ್ತಾರೆ. ಆಶುನಟನೆಯ ಆಟಗಳು ರಂಗಶಾಲೆಯಲ್ಲಿ ಕಲಿತವರಿಗೆ ಹೊಸವಲ್ಲ. ಅವನ್ನು ತಾಲೀಮಿನ ಕೋಣೆಯಿಂದ ರಂಗದ ಮೇಲೆ ತರುವುದಷ್ಟೇ ಉಳಿದಿದೆ.

ಮೂರನೇ ಬೆಂಚು:

ಶ್ರೋತೃ ಅವರ ಮಾತಿಗೆ ನನ್ನದೊಂದು ಸಣ್ಣ ತಕರಾರು. ತಾಳಮದ್ದಳೆಯವರು ಗೆಲ್ಲಲು ಕೂತಿರುತ್ತಾರೆ. ನಗಿಸುವುದು ಅವರಿಗೆ ಮುಖ್ಯವಲ್ಲ. ಇಂಪ್ರೊವ್‌ಗೆ ನಮ್ಮಲ್ಲಿ ನಿಜವಾದ ಹತ್ತಿರದ ನೆಂಟನೆಂದರೆ ಯಕ್ಷಗಾನದ ಹಾಸ್ಯಗಾರ. ಉಳಿದ ಪಾತ್ರಗಳೆಲ್ಲ ಗ್ರಂಥಭಾಷೆಯಲ್ಲಿ ಮಾತನಾಡುವಾಗ ಊರಿನ ಆಡುಮಾತಿಗೂ ಇವತ್ತಿನ ಸುದ್ದಿಗೂ ಬಾಗಿಲು ತೆಗೆಯುವ ಪರವಾನಗಿ ಇರುವುದು ಅವನೊಬ್ಬನಿಗೇ. ತೆಂಕಿನ ಮಿಜಾರು ಅಣ್ಣಪ್ಪ, ಬಡಗಿನ ಕುಂಜಾಲು ರಾಮಕೃಷ್ಣ ಇವರ ಹೆಸರಿಗೇ ಜನ ಆಟಕ್ಕೆ ಹೋಗುತ್ತಿದ್ದರು.

ತೀರ್ಥಹಳ್ಳಿ ಕಡೆ ನಾನು ನೋಡಿದ ಒಂದು ಆಟದಲ್ಲಿ ದೂತ ದೇವಲೋಕಕ್ಕೆ ತಡವಾಗಿ ಬಂದ. ‘ಯಾಕೋ ವಿಳಂಬ?’ ಎಂದು ದೇವೇಂದ್ರ ಗದರಿದರೆ, ‘ಆಗುಂಬೆ ಘಾಟಿ ಬಂದ್ ಮಾಡಿದಾರೆ ಒಡೆಯಾ, ಹುಲಿಕಲ್ ಮೇಲೆ ಸುತ್ತಿ ಬಂದೆ’ ಎಂದ. ಇಲ್ಲಿಯವರೆಗೆ ಇದು ಯಾರಾದರೂ ಹೇಳಬಹುದಾದ ಹಾಸ್ಯ. ದೇವೇಂದ್ರನ ಪಾತ್ರಧಾರಿ ಬೇರೆ ಯಾರಾದರೂ ಆಗಿದ್ದರೆ ‘ಥೂ ಮೂಢ’ ಎಂದು ಕಥೆಗೆ ಮರಳಿಬಿಡುತ್ತಿದ್ದ. ಈ ಮಹಾನುಭಾವ ಕಿರೀಟ ಸರಿಮಾಡಿಕೊಂಡು, ತನ್ನ ಗಂಭೀರ ಭಾಷೆಯನ್ನು ಎಳ್ಳಷ್ಟೂ ಸಡಿಲಿಸದೆ, ‘ಏನು! ಎಮ್ಮ ಐರಾವತಕ್ಕೂ ಆ ಮಾರ್ಗದಲ್ಲಿ ನಿರ್ಬಂಧವುಂಟೆ?’ ಎಂದು ಕೇಳಿದ. ದೂತ ಕ್ಷಣವೂ ತಡೆಯಲಿಲ್ಲ: ‘ಅದಕ್ಕೇ ಒಡೆಯಾ ನಿರ್ಬಂಧ! ಮಿನಿ ಬಸ್ಸಾದ್ರೆ ಬಿಡ್ತಾರೆ.’ ಸರ್ಕಾರಿ ವೋಲ್ವೊ ಬಸ್ಸಿನ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ. ಚೆಂಡೆಯವರು ಕೋಲು ಕೆಳಗಿಟ್ಟು ನಕ್ಕರು.

ನಗು ಬಂದದ್ದು ದೂತನಿಂದ, ನಿಜ. ಆದರೆ ಅದನ್ನು ಸಾಧ್ಯವಾಗಿಸಿದ್ದು ದೇವೇಂದ್ರ. ಘಾಟಿ ಬಂದ್ ಆಗಿರುವುದನ್ನು ಅವನು ಸತ್ಯವೆಂದು ಒಪ್ಪಿಕೊಂಡ, ಮೇಲೆ ತನ್ನದೊಂದು ಆನೆಯನ್ನೂ ಕೊಟ್ಟ. ತುಂಗಾತೀರ ಅವರು ಹೇಳಿದ ನಿಯಮ ಇದೇ ಅಲ್ಲವೇ? ಆದ್ದರಿಂದ ನಿಮ್ಮ ತಂಡಕ್ಕೆ ಚುರುಕು ಮಾತಿನವರನ್ನು ಮಾತ್ರ ಹುಡುಕಬೇಡಿ. ಎದುರಿನವನ ಹುಚ್ಚುತನವನ್ನು ಮುಖ ಬಿಗಿಹಿಡಿದು ನಂಬಬಲ್ಲ ಒಬ್ಬರಾದರೂ ಇರಲಿ. ಅಂಥವರು ಸಿಗುವುದೇ ಕಷ್ಟ. ಎಲ್ಲರಿಗೂ ದೂತನೇ ಆಗಬೇಕು.

ಹಾಸ್ಯೋತ್ಸವದ ಗಿರಾಕಿ:

ಹಾಸ್ಯೋತ್ಸವವೆಂದರೆ ಏನೋ ಹಳೆಯ ಕಾಲದ್ದು ಎಂಬ ಧ್ವನಿ ಮೂಲ ಪ್ರಶ್ನೆಯಲ್ಲಿ ಇರುವುದರಿಂದ ಬರೆಯುತ್ತಿದ್ದೇನೆ. ಒಬ್ಬನೇ ಮೈಕಿನ ಮುಂದೆ ನಿಂತು, ಬೀಚಿಯವರನ್ನು ನೆನೆಯುತ್ತ, ಒಂದೂವರೆ ಗಂಟೆ ಸಾವಿರಾರು ಜನರನ್ನು ನಗಿಸುವ ಗಂಗಾವತಿ ಪ್ರಾಣೇಶರು ಮಾಡುವುದು ಸ್ಟ್ಯಾಂಡ್‌ಅಪ್ ಅಲ್ಲದೆ ಮತ್ತೇನು? ಪ್ರೊ. ಕೃಷ್ಣೇಗೌಡರ ಮಾತಿನಲ್ಲಿ ಬರುವ ಹಳ್ಳಿಯವರನ್ನು ಅಜ್ಜಿಯಿಂದ ಮೊಮ್ಮಗಳವರೆಗೆ ಒಂದೇ ಸಾಲಿನಲ್ಲಿ ಕುಳಿತು ಕೇಳಬಹುದು. ರಂಗದಲ್ಲಂತೂ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದ ನಡುವೆ ಆವತ್ತಿನ ರಾಜಕೀಯವನ್ನು ಸೇರಿಸುತ್ತಿದ್ದ ರೀತಿಯನ್ನು ನೆನೆಸಿಕೊಳ್ಳಿ, ನಿನ್ನೆ ನೋಡಿದವನು ಇವತ್ತು ಮತ್ತೆ ಟಿಕೆಟ್ ಕೊಳ್ಳುತ್ತಿದ್ದುದು ಅದಕ್ಕಾಗಿ.

ಹೊಸಬರಲ್ಲಿ ನನಗೆ ಮೆಚ್ಚಿಗೆಯಾಗುವುದು ಒಂದೇ: ಬೇರೆಯವರ ಹಾಸ್ಯವನ್ನು ಕದಿಯಬಾರದೆಂಬ ಕಟ್ಟುನಿಟ್ಟು. ಭಾಷಣದ ವೇದಿಕೆಗಳಲ್ಲಿ ಒಂದೇ ಗಂಡ–ಹೆಂಡತಿ ಜೋಕು ಒಂದೇ ಸಂಜೆ ಇಬ್ಬರ ಬಾಯಲ್ಲಿ ಬಂದದ್ದನ್ನು ಕೇಳಿ ಬೇಸತ್ತಿದ್ದೇನೆ. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಪಿಜಿ ಊಟ, ಮ್ಯಾನೇಜರನ ಮೇಲ್ ಎಂದು ಶಿವಮೊಗ್ಗದಲ್ಲಿ ಶುರುಮಾಡಿದರೆ ನಿಮ್ಮ ಸಂಜೆ ಹತ್ತು ನಿಮಿಷಕ್ಕೇ ಮುಗಿಯುತ್ತದೆ. ಕೊನೆಗಾರನ ಆ ಹುಡುಗನನ್ನು ಕರೆಸಿ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಐರಾವತದ ಪ್ರಸಂಗವನ್ನು ನಮ್ಮ ಗುಂಪಿನಲ್ಲಿ ಓದಿ ಹೇಳಿದೆ. ಮೂರನೇ ಬೆಂಚು ಅವರು ಎಚ್ಚರಿಸಿದಂತೆಯೇ, ತಕ್ಷಣ ಎಲ್ಲರೂ ದೂತನ ಪಾತ್ರ ಕೇಳಿದರು. ಹಾಸ್ಯೋತ್ಸವದ ಗಿರಾಕಿ ಅವರೆ, ಆ ಹುಡುಗನನ್ನು ಕೇಳಿದ್ದೇನೆ, ಕೊಯ್ಲು ಮುಗಿಯಲಿ ಎಂದಿದ್ದಾನೆ. ಇನ್ನುಳಿದದ್ದು ಜಾಗದ ಪ್ರಶ್ನೆ. ಕುವೆಂಪು ರಂಗಮಂದಿರವನ್ನೇ ಕೇಳೋಣವೆಂದು ಒಬ್ಬರು, ಯಾವುದಾದರೂ ಹೋಟೆಲಿನ ಮಹಡಿ ಸಾಕೆಂದು ಇನ್ನೊಬ್ಬರು. ವಿಡಿಯೊ ಮಾಡಿಸಬೇಕೇ ಎಂಬ ಬಗ್ಗೆಯೂ ಒಮ್ಮತವಿಲ್ಲ.

ಮಲೆನಾಡು ಗಿಡ್ಡ:

ನಾಟಕಗಳಿಗೆ ಬೆಳಕು ಮಾಡುವವನಾಗಿ ಹೇಳುತ್ತೇನೆ: ಮೊದಲ ಪ್ರದರ್ಶನಕ್ಕೆ ದೊಡ್ಡ ರಂಗಮಂದಿರ ಬೇಡವೇ ಬೇಡ. ನಾಟಕವನ್ನು ಅರ್ಧ ಖಾಲಿ ಸಭಾಂಗಣದಲ್ಲಿಯೂ ನೋಡಬಹುದು, ಹಾಸ್ಯವನ್ನು ಆಗದು. ಪಕ್ಕದ ಕುರ್ಚಿ ಖಾಲಿಯಿದ್ದವನು ತನ್ನ ನಗು ತನಗೇ ಕೇಳಿಸಿ ಸಂಕೋಚಪಡುತ್ತಾನೆ. ಭುಜಕ್ಕೆ ಭುಜ ತಾಗುವಂತೆ ಕುಳಿತವನು ಪಕ್ಕದವನ ಜೊತೆ ಅರ್ಥವಾಗದಿದ್ದರೂ ನಗುತ್ತಾನೆ. ಅರವತ್ತು ಜನ ಬರುವರೆಂದು ಅಂದಾಜಿದ್ದರೆ ನಲವತ್ತು ಕುರ್ಚಿಗಳನ್ನಷ್ಟೇ ಹಾಕಿ, ಉಳಿದವನ್ನು ಗೋಡೆಗೆ ಪೇರಿಸಿಡಿ. ಜನ ಬಂದಂತೆ ಹಿಂದಿನಿಂದ ಸಾಲು ಸೇರಿಸಿದರಾಯಿತು. ಚಾವಣಿ ತಗ್ಗಿನದಾಗಿದ್ದಷ್ಟೂ ನಗು ಹೊರಗೆ ಚದುರದೆ ವಾಪಸು ಬರುತ್ತದೆ. ಆದರೆ ತಗಡಿನ ಚಾವಣಿಯಾಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಜಾಗದ ಹೆಸರನ್ನೇ ಎತ್ತಬೇಡಿ.

ಸ್ಟ್ಯಾಂಡ್‌ಅಪ್ ನಡೆಯುವಾಗ ಪ್ರೇಕ್ಷಕರ ಮೇಲೆ ಕತ್ತಲಿರಲಿ. ಇಂಪ್ರೊವ್‌ಗೆ ಮಾತ್ರ ಮುಂದಿನ ಸಾಲುಗಳ ಮುಖ ಕಾಣುವಷ್ಟು ಬೆಳಕು ಬೇಕು. ಇಲ್ಲವಾದರೆ ಸಲಹೆ ಕೇಳಿದಾಗ ಕತ್ತಲಿನಿಂದ ಯಾರೂ ಉತ್ತರಿಸುವುದಿಲ್ಲ. ಕೇಳುವ ಪ್ರಶ್ನೆಯನ್ನೂ ಯೋಚಿಸಿಟ್ಟುಕೊಳ್ಳಿ. ‘ಒಂದು ಉದ್ಯೋಗ ಹೇಳಿ’ ಎಂದರೆ ನಮ್ಮೂರಿನಲ್ಲಿ ಡಾಕ್ಟರು, ಪೊಲೀಸು, ರಾಜಕಾರಣಿ ಎಂಬ ಮೂರೇ ಉತ್ತರ ಬರುತ್ತವೆ. ‘ಮದುವೆ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಕೂರಲು ನಿಮಗೆ ಇಷ್ಟವಿಲ್ಲ’ ಎಂದು ಕೇಳಿ ನೋಡಿ, ನಿಮಗೊಂದು ಇಡೀ ಮನುಷ್ಯನೇ ಸಿಗುತ್ತಾನೆ.

ವಿಡಿಯೊ ನಿಮ್ಮ ಕಲಿಕೆಗೆ ಮಾಡಿಕೊಳ್ಳಿ, ಹೊರಗೆ ಹಾಕಬೇಡಿ. ಸ್ಟ್ಯಾಂಡ್‌ಅಪ್‌ನವರ ಹಾಸ್ಯ ಒಮ್ಮೆ ಊರೆಲ್ಲ ಹರಡಿದರೆ ಮುಂದಿನ ವೇದಿಕೆಯಲ್ಲಿ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಂಪ್ರೊವ್‌ನ ತೊಂದರೆ ಬೇರೆ: ಸಲಹೆ ಪ್ರೇಕ್ಷಕರಿಂದ ಬಂದದ್ದೆಂದು ಪರದೆಯಲ್ಲಿ ನೋಡುವವನು ನಂಬುವುದೇ ಇಲ್ಲ, ಎಲ್ಲ ಮೊದಲೇ ಬರೆದುಕೊಂಡದ್ದು ಎನ್ನುತ್ತಾನೆ.

ಎಂಟೂವರೆಗೆ ಮುಗಿಸಿ, ತೀರ್ಥಹಳ್ಳಿ, ಸಾಗರದ ಕಡೆಯವರು ಬಸ್ಸು ಹಿಡಿಯಬೇಕು. ದೀಪ ನೋಡಿಕೊಳ್ಳಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ, ಆದರೆ ಭಾನುವಾರ ಇಟ್ಟುಕೊಳ್ಳಿ. ಶನಿವಾರ ನಮ್ಮೂರಿನಲ್ಲಿ ತಾಳಮದ್ದಳೆ ಇರುತ್ತದೆ.